ದೋಣಿಗೆ ಎಂಜಿನ್: ಟೂ-ಸ್ಟ್ರೋಕ್ ತಗೊಳ್ಳಬೇಕಾ, ಫೋರ್-ಸ್ಟ್ರೋಕ್ ತಗೊಳ್ಳಬೇಕಾ?

ಬೆಂಗಳೂರಿನಲ್ಲಿ ಕಡಲಿಲ್ಲ, ದೊಡ್ಡ ನದಿಯೂ ಇಲ್ಲ. ಆದರೂ ದೋಣಿ ಎಂಜಿನ್ ಬಗ್ಗೆ ವಿಚಾರಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಆರ್‌ಎಸ್ ಹಿನ್ನೀರಿನ ಪಕ್ಕ ತೋಟ ಮಾಡಿದವರು, ಶರಾವತಿ ಹಿನ್ನೀರಿನ ಹತ್ತಿರ ಹೋಮ್‌ಸ್ಟೇ ಇಟ್ಟವರು, ಮಲ್ಪೆ ಅಥವಾ ಕಾರವಾರದಲ್ಲಿ ಮನೆ ಇದ್ದು ಕೆಲಸಕ್ಕೆ ಇಲ್ಲಿರುವವರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಜನರನ್ನು ದೋಣಿಯಲ್ಲಿ ಸಾಗಿಸಿದ್ದನ್ನು ನೋಡಿ, ನಮ್ಮ ಬಡಾವಣೆಗೂ ಒಂದು ಗಾಳಿ ತುಂಬಿಸುವ ದೋಣಿ ಇರಲಿ ಅಂದುಕೊಂಡವರೂ ಇದ್ದಾರೆ. ಎಲ್ಲರೂ ಕೊನೆಗೆ ಕೇಳುವುದು ಒಂದೇ: ಟೂ-ಸ್ಟ್ರೋಕ್ ತಗೊಳ್ಳಲಾ, ಫೋರ್-ಸ್ಟ್ರೋಕ್ ತಗೊಳ್ಳಲಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಿಹಿನೀರಿನ ಜಲಾಶಯದಲ್ಲಿ ಓಡಿಸುವುದಾದರೆ ಫೋರ್-ಸ್ಟ್ರೋಕ್ ತಗೊಳ್ಳಿ. ಕಡಲ ತೀರದಲ್ಲಿ, ದಿನಾ ಎಂಜಿನ್ ಹೊತ್ತು ದೋಣಿಗೆ ಕಟ್ಟಿ ಬಿಚ್ಚುವ ಕೆಲಸವಿದ್ದು, ಪಕ್ಕದಲ್ಲೇ ಟೂ-ಸ್ಟ್ರೋಕ್ ಬಲ್ಲ ಮೆಕ್ಯಾನಿಕ್ ಇದ್ದರೆ ಮಾತ್ರ ಟೂ-ಸ್ಟ್ರೋಕ್ ಬಗ್ಗೆ ಯೋಚಿಸಿ. ಹೀಗೆ ಹೇಳಲು ಕಾರಣವೇನು, ನಿಮ್ಮ ಸಂದರ್ಭಕ್ಕೆ ಅದು ಹೊಂದುತ್ತಾ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಎರಡು ಮಾತು: ಇವೆರಡರ ವ್ಯತ್ಯಾಸ ಏನು?

ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸುವ ಎಂಜಿನ್. ಕರಾವಳಿಯಲ್ಲಿ ಇದನ್ನೇ ಓಬಿಎಂ ಅನ್ನುತ್ತಾರೆ. ಸ್ಟ್ರೋಕ್ ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಮೇಲಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ ಹೋಗುವ ಒಂದು ಓಟ.

ಫೋರ್-ಸ್ಟ್ರೋಕ್‌ನಲ್ಲಿ ಗಾಳಿ-ಪೆಟ್ರೋಲ್ ಒಳಗೆಳೆಯಲು ಒಂದು ಓಟ, ಅದನ್ನು ಒತ್ತಲು ಒಂದು, ಉರಿದು ತಳ್ಳಲು ಒಂದು, ಹೊಗೆ ಹೊರಹಾಕಲು ಒಂದು. ಪ್ರತಿ ಕೆಲಸಕ್ಕೂ ಬೇರೆ ಸಮಯ ಇದೆ. ಬಾಗಿಲು ತೆಗೆದು ಮುಚ್ಚಲು ವಾಲ್ವ್‌ಗಳಿವೆ. ಎಂಜಿನ್ ಆಯಿಲ್ ಕೆಳಗಿನ ತೊಟ್ಟಿಯಲ್ಲಿ ಪ್ರತ್ಯೇಕವಾಗಿ ಇರುತ್ತದೆ.

ಟೂ-ಸ್ಟ್ರೋಕ್‌ನಲ್ಲಿ ಈ ನಾಲ್ಕೂ ಕೆಲಸ ಎರಡೇ ಓಟದಲ್ಲಿ ಮುಗಿಯಬೇಕು. ಹೊಸ ಗಾಳಿ-ಪೆಟ್ರೋಲ್ ಒಳಗೆ ಬರುವಾಗಲೇ ಹಳೆ ಹೊಗೆ ಹೊರಗೆ ಹೋಗುತ್ತಿರುತ್ತದೆ. ಎರಡೂ ಕಿಂಡಿ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹಾಗಾಗಿ ಉರಿಯದ ಪೆಟ್ರೋಲ್ ಹೊಗೆಯ ಜೊತೆ ಹೊರಗೆ ಜಾರುತ್ತದೆ. ಹಳೆ ಮಾದರಿಯ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಭಾಗ) ಇರುವ ಟೂ-ಸ್ಟ್ರೋಕ್‌ಗಳಲ್ಲಿ ಹೀಗೆ ಸುಮ್ನೆ ಹೋಗುವುದು ಹಾಕಿದ ಇಂಧನದ ಶೇಕಡಾ 20ರಿಂದ 30ರಷ್ಟು. ಆಯಿಲ್ ತೊಟ್ಟಿಯೂ ಇಲ್ಲ. ಆಯಿಲ್ ಅನ್ನು ಪೆಟ್ರೋಲ್ ಜೊತೆಗೇ ಬೆರೆಸಬೇಕು, ಅದೂ ಉರಿದು ಹೋಗುತ್ತದೆ.

ಯೆಜ್ಡಿ, ಆರ್‌ಎಕ್ಸ್ 100 ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗುರ, ಚುರುಕು, ನೀಲಿ ಹೊಗೆ, ಆಯಿಲ್ ವಾಸನೆ. ದೋಣಿಯ ಟೂ-ಸ್ಟ್ರೋಕ್ ಕೂಡ ಅದೇ ಜಾತಿ. ಒಂದೇ ವ್ಯತ್ಯಾಸ ಅಂದರೆ, ಔಟ್‌ಬೋರ್ಡ್‌ನ ಹೊಗೆ ಹೆಚ್ಚಾಗಿ ಪ್ರೊಪೆಲ್ಲರ್ ಮಧ್ಯದಿಂದ ನೀರೊಳಗೇ ಬಿಡುಗಡೆಯಾಗುತ್ತದೆ. ಬೈಕಿನಲ್ಲಿ ಗಾಳಿಗೆ ಹೋಗುವುದು ಇಲ್ಲಿ ನೇರ ನೀರಿಗೆ ಹೋಗುತ್ತದೆ.

ಹಂತ 1: ಯಾವ ನೀರು, ಯಾರ ಅನುಮತಿ?

ಎಂಜಿನ್ ಅಂಗಡಿಗೆ ಹೋಗುವ ಮುಂಚೆ ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಎಂಜಿನ್ ತಂದು ಗ್ಯಾರೇಜಿನಲ್ಲಿಟ್ಟು, ಆಮೇಲೆ ಇಳಿಸಲು ನೀರು ಹುಡುಕುವವರು ಜಾಸ್ತಿ.

ಬೆಂಗಳೂರಿನ ಕೆರೆಗಳಲ್ಲಿ ಸ್ವಂತ ಮೋಟಾರು ದೋಣಿ ಇಳಿಸಬಹುದು ಅನ್ನುವ ಆಸೆ ಬಿಟ್ಟುಬಿಡಿ. ಹಲಸೂರು ಕೆರೆಯಲ್ಲಿ ದೋಣಿ ಕಂಡಿದ್ದೀರಿ ನಿಜ, ಆದರೆ ಅದು ಅನುಮತಿ ಇರುವವರು ನಡೆಸುವುದು. ಕೆಆರ್‌ಎಸ್ ಮತ್ತು ಕಬಿನಿ ಜಲಾಶಯಗಳು ಕಾವೇರಿ ನೀರಾವರಿ ನಿಗಮದ ಕೈಯಲ್ಲಿವೆ. ಕಬಿನಿ ಹಿನ್ನೀರಿನ ಅಂಚಿನಲ್ಲಿ ನಾಗರಹೊಳೆ, ಬಂಡೀಪುರದ ಕಾಡಿದೆ, ಹಾಗಾಗಿ ಅರಣ್ಯ ಇಲಾಖೆಯನ್ನೂ ಕೇಳಬೇಕು. ಎಂಜಿನ್ ಇರುವ ದೋಣಿಯ ನೋಂದಣಿ, ತಪಾಸಣೆ, ವಿಮೆಗೆ ಒಳನಾಡು ಹಡಗುಗಳ ಕಾಯ್ದೆ ಇದೆ. 1917ರ ಹಳೆ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸದು ಬಂತು. ರಾಜ್ಯದಲ್ಲಿ ಈ ಕೆಲಸ ನೋಡುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಅದರ ಮುಖ್ಯ ಕಚೇರಿ ಕಾರವಾರದಲ್ಲಿದೆ. ಲಿಖಿತ ಅನುಮತಿ ಕೈಗೆ ಬರುವವರೆಗೆ ಎಂಜಿನ್‌ಗೆ ಮುಂಗಡ ಕೊಡಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಈಗ ಬಂತು. ಬೆಂಗಳೂರು ಕುಡಿಯುವುದು ಕಾವೇರಿ ನೀರು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತ ಒಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್ ಬರುವಂತೆ ಯೋಜನೆ ಮಾಡಿದ್ದಾರೆ. ಆ ನೀರು ಕೆಆರ್‌ಎಸ್, ಕಬಿನಿ ದಾಟಿ ಹರಿದು, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ನಮ್ಮ ನಲ್ಲಿಗೆ ಬರುತ್ತದೆ. 15 ಎಚ್‌ಪಿಯ ಹಳೆ ಟೂ-ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಆರು-ಏಳು ಲೀಟರ್ ಕುಡಿಯುತ್ತದೆ. ಅದರಲ್ಲಿ ಒಂದೂಕಾಲು ಲೀಟರಿಗೂ ಜಾಸ್ತಿ ಪೆಟ್ರೋಲ್-ಆಯಿಲ್ ಮಿಶ್ರಣ ಉರಿಯದೆ ಹೊರಗೆ ಹೋಗುತ್ತದೆ. ಒಂದು ದೋಣಿಯಿಂದ ಜಲಾಶಯ ಹಾಳಾಗುವುದಿಲ್ಲ ಅಂತ ಹಲವರು ನನ್ನ ಜೊತೆ ವಾದ ಮಾಡಿದ್ದಾರೆ. ಹಾಗಂತ ಒಂದು ಲೋಟ ಪೆಟ್ರೋಲ್ ತಂದು ಕೈಯಾರೆ ಕೆರೆಗೆ ಸುರಿಯಲು ನಮಗೆ ಮನಸ್ಸು ಬರುತ್ತದಾ? ಅದನ್ನೇ ಎಂಜಿನ್ ನಮ್ಮ ಕಣ್ಣಿಗೆ ಕಾಣದಂತೆ ಗಂಟೆಗೆ ಐದಾರು ಲೋಟ ಮಾಡುತ್ತದೆ. ಕುಡಿಯುವ ನೀರಿನ ಮೇಲೆ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಬೇಡ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಅಮೆರಿಕದ ಪರಿಸರ ಇಲಾಖೆ 1996ರಲ್ಲೇ ಹೊರಡಿಸಿದ ಹೊಗೆ ನಿಯಮ 2006ರ ಹೊತ್ತಿಗೆ ಪೂರ್ತಿ ಜಾರಿಗೆ ಬಂತು, ಅಲ್ಲಿ ಹೊಸ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳ ಕಾಲ ಮುಗಿಯಿತು. ನಮ್ಮಲ್ಲಿ ಅವು ಇನ್ನೂ ಓಡುತ್ತಿವೆ.

ಹಂತ 2: ಎಚ್‌ಪಿ ಮತ್ತು ಕಾಲಿನ ಉದ್ದ

ಇದು ಎರಡೂ ಬಗೆಗೆ ಒಂದೇ, ಆದ್ದರಿಂದ ಬೇಗ ಮುಗಿಸುತ್ತೇನೆ. ದೋಣಿಯ ಮೇಲೆ ತಯಾರಕರ ಫಲಕ ಇರುತ್ತದೆ. ಗರಿಷ್ಠ ಎಚ್‌ಪಿ ಮತ್ತು ಗರಿಷ್ಠ ಎಂಜಿನ್ ತೂಕ ಎರಡನ್ನೂ ಬರೆದುಕೊಳ್ಳಿ. ಎಚ್‌ಪಿ ನೋಡಿ ತೂಕ ಮರೆಯುವುದು ಇಲ್ಲಿ ಆಗುವ ತಪ್ಪು. ಫೋರ್-ಸ್ಟ್ರೋಕ್ ಭಾರ ಜಾಸ್ತಿ ಇರುವುದರಿಂದ, ಎಚ್‌ಪಿ ಮಿತಿಯೊಳಗೇ ಇದ್ದರೂ ತೂಕ ಮಿತಿ ದಾಟಬಹುದು.

ಎಂಜಿನ್ ಕಾಲು, ಅಂದರೆ ಮೇಲಿನ ಹಿಡಿಕೆಯಿಂದ ಪ್ರೊಪೆಲ್ಲರ್ ಕಡೆಗೆ ಇಳಿಯುವ ಭಾಗ, 15 ಇಂಚು ಮತ್ತು 20 ಇಂಚಿನಲ್ಲಿ ಬರುತ್ತದೆ. ದೊಡ್ಡ ಎಂಜಿನ್‌ಗಳಲ್ಲಿ 25 ಇಂಚೂ ಇದೆ. ದೋಣಿಯ ಹಿಂಬದಿ ಹಲಗೆಯ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಕಣ್ಣಂದಾಜು ಬೇಡ. ಪ್ರೊಪೆಲ್ಲರ್ ಮೇಲೆ ಅಡ್ಡಲಾಗಿರುವ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದು ಇಂಚು ಕೆಳಗೆ ಬರಬೇಕು. ಕಾಲು ಗಿಡ್ಡ ಆದರೆ ಪ್ರೊಪೆಲ್ಲರ್ ಗಾಳಿ ಹೀರಿ ಸುಮ್ನೆ ಗಿರಕಿ ಹೊಡೆಯುತ್ತದೆ. ಉದ್ದ ಆದರೆ ದೋಣಿ ನೀರನ್ನು ಎಳೆದುಕೊಂಡು ಹೋಗುತ್ತದೆ.

ಹಂತ 3: ವರ್ಷಕ್ಕೆ ಎಷ್ಟು ಗಂಟೆ?

ಹಣದ ಲೆಕ್ಕ ನಿಂತಿರುವುದು ಇದರ ಮೇಲೆ. ಒಂದು ಪೇಪರ್ ತೆಗೆದುಕೊಂಡು ಪ್ರಾಮಾಣಿಕವಾಗಿ ಬರೆಯಿರಿ. ತಿಂಗಳಿಗೆ ಒಂದು ಭಾನುವಾರ, ಮೂರು ಗಂಟೆ ಅಂದರೆ ವರ್ಷಕ್ಕೆ 36 ಗಂಟೆ. ಪ್ರವಾಸಿಗರನ್ನು ಕೂರಿಸಿ ದಿನಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 150 ದಿನ ಓಡಿಸಿದರೆ 300 ಗಂಟೆ.

ಪೂರ್ತಿ ವೇಗದಲ್ಲಿ ಫೋರ್-ಸ್ಟ್ರೋಕ್ ಗಂಟೆಗೆ, ಪ್ರತಿ ಎಚ್‌ಪಿಗೆ, ಸುಮಾರು 0.3 ಲೀಟರ್ ಪೆಟ್ರೋಲ್ ತಗೊಳ್ಳುತ್ತದೆ ಅನ್ನುವುದು ಒಂದು ಒರಟು ಲೆಕ್ಕ. ಕಾರ್ಬ್ಯುರೇಟರ್ ಟೂ-ಸ್ಟ್ರೋಕ್‌ಗೆ 0.4 ಅಥವಾ ಅದಕ್ಕಿಂತ ಜಾಸ್ತಿ. 15 ಎಚ್‌ಪಿಗೆ ಒಂದರಲ್ಲಿ ನಾಲ್ಕೂವರೆ-ಐದು ಲೀಟರ್, ಇನ್ನೊಂದರಲ್ಲಿ ಆರು-ಏಳು. ನಿಧಾನ ವೇಗದಲ್ಲಿ ಹೋಲಿಸಿದರೆ ಟೂ-ಸ್ಟ್ರೋಕ್ ಇನ್ನೂ ಹಿಂದೆ ಬೀಳುತ್ತದೆ, ಏಕೆಂದರೆ ಅದು ಪೆಟ್ರೋಲ್ ಜಾಸ್ತಿ ಪೋಲು ಮಾಡುವುದು ನಿಧಾನವಾಗಿ ಓಡುವಾಗಲೇ.

ವ್ಯತ್ಯಾಸ ಗಂಟೆಗೆ 2 ಲೀಟರ್, ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಗಂಟೆಗೆ 200 ರೂಪಾಯಿ ಆಯಿತು. 36 ಗಂಟೆ ಓಡಿಸುವವರಿಗೆ ವರ್ಷಕ್ಕೆ 7,200 ರೂಪಾಯಿ ಉಳಿತಾಯ. 300 ಗಂಟೆ ಓಡಿಸುವವರಿಗೆ 60,000. ಟೂ-ಸ್ಟ್ರೋಕ್‌ಗೆ ಬೆರೆಸುವ ಆಯಿಲ್ ಖರ್ಚು ಇದರಲ್ಲಿ ಸೇರಿಲ್ಲ.

ಈಗ ಒಂದೇ ಎಚ್‌ಪಿಯ ಎರಡೂ ಎಂಜಿನ್‌ಗೆ ಕೊಟೇಶನ್ ತರಿಸಿ. ಬೆಲೆಯ ವ್ಯತ್ಯಾಸವನ್ನು 200ರಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಗಂಟೆ ಓಡಿಸಿದರೆ ಫೋರ್-ಸ್ಟ್ರೋಕ್‌ಗೆ ಕೊಟ್ಟ ಹೆಚ್ಚುವರಿ ದುಡ್ಡು ವಾಪಸ್ ಬಂದಂತೆ. ಬಾಡಿಗೆಗೆ ಓಡಿಸುವವರಿಗೆ ಇಲ್ಲೇ ತೀರ್ಮಾನ ಆಗಿಬಿಡುತ್ತದೆ. ಭಾನುವಾರದವರಿಗೆ ಹಣದ ಲೆಕ್ಕ ಯಾವ ಕಡೆಗೂ ಜೋರಾಗಿ ವಾಲುವುದಿಲ್ಲ. ಅವರು ಮುಂದಿನ ಹಂತಗಳನ್ನು ಗಮನವಿಟ್ಟು ಓದಬೇಕು.

ಹಂತ 4: ಎಂಜಿನ್ ಹೊರುವುದು ಯಾರು?

ಟೂ-ಸ್ಟ್ರೋಕ್‌ನ ದೊಡ್ಡ ಗುಣ ಇದು, ಇದನ್ನು ಒಪ್ಪಲೇಬೇಕು. 15 ಎಚ್‌ಪಿಯ ಟೂ-ಸ್ಟ್ರೋಕ್ ಸುಮಾರು 36 ಕಿಲೋ. ಅದೇ ಶಕ್ತಿಯ ಫೋರ್-ಸ್ಟ್ರೋಕ್ ಮಾದರಿಗೆ ತಕ್ಕಂತೆ 43ರಿಂದ 52 ಕಿಲೋ. 40 ಎಚ್‌ಪಿಯಲ್ಲಿ ಎಪ್ಪತ್ತು ಚಿಲ್ಲರೆ ಕಿಲೋಗೆ ಎದುರಾಗಿ ನೂರರ ಹತ್ತಿರ. 36 ಕಿಲೋ ಇಬ್ಬರು ಸಲೀಸಾಗಿ ಹಿಡಿಯಬಹುದು, ಗಟ್ಟಿಗರಾದರೆ ಒಬ್ಬರೇ. 50 ಕಿಲೋವನ್ನು ಕೆಸರಿನ ದಡದಲ್ಲಿ ಹೊತ್ತು ಇಳಿಯುವುದು ಬೇರೆಯೇ ಕಥೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದಿಂದ ನೀರಿಗೆ ನೂರಾರು ಅಡಿ ಕೆಸರು ತುಳಿಯಬೇಕಾಗುತ್ತದೆ, ನೆನಪಿರಲಿ.

ಹಾಗಾಗಿ ಕೇಳಿಕೊಳ್ಳಿ: ಎಂಜಿನ್ ದೋಣಿಯಲ್ಲೇ ಇರುತ್ತದಾ, ಪ್ರತಿ ಸಲ ಬೆಂಗಳೂರಿನಿಂದ ಕಾರಿನಲ್ಲಿ ಹೋಗಿ ಬರುತ್ತದಾ? ದೋಣಿ ಟ್ರೇಲರ್ ಮೇಲಿದ್ದು ಎಂಜಿನ್ ಅದರಲ್ಲೇ ಇದ್ದರೆ ತೂಕದ ಚಿಂತೆ ಬಿಡಿ. ಪ್ರತಿ ಸಲ ಹೊರಬೇಕಾದರೆ ಒಂದು ಮೆಟ್ಟಿಲು ಕೆಳಗಿಳಿದು 8 ಅಥವಾ 9.9 ಎಚ್‌ಪಿಯ ಫೋರ್-ಸ್ಟ್ರೋಕ್ ಸಾಕಾ ನೋಡಿ. ಇಬ್ಬರು-ಮೂವರು ಕೂರುವ ಸಣ್ಣ ದೋಣಿಗೆ ಹೆಚ್ಚಾಗಿ ಸಾಕಾಗುತ್ತದೆ.

ಕಾರಿನಲ್ಲಿ ಮಲಗಿಸುವಾಗ ಎಚ್ಚರ. ಟೂ-ಸ್ಟ್ರೋಕ್‌ನಲ್ಲಿ ಒಳಗಿನ ನೀರು ಪೂರ್ತಿ ಇಳಿಯಲು ಬಿಟ್ಟು ಆಮೇಲೆ ಮಲಗಿಸಿದರೆ ಸಾಕು. ಫೋರ್-ಸ್ಟ್ರೋಕ್‌ನಲ್ಲಿ ಆಯಿಲ್ ತೊಟ್ಟಿ ಇದೆ. ತಪ್ಪು ಬದಿಗೆ ಮಲಗಿಸಿದರೆ ಆಯಿಲ್ ಸಿಲಿಂಡರ್ ಒಳಗೆ ಹರಿಯುತ್ತದೆ. ಸ್ಟಾರ್ಟ್ ಆಗದೆ ಸತಾಯಿಸುತ್ತದೆ, ಬಲವಂತ ಮಾಡಿದರೆ ಒಳಗೆ ಏನಾದರೂ ಬಾಗಲೂಬಹುದು. ಯಾವ ಬದಿ ಕೆಳಗಿರಬೇಕು ಅಂತ ಎಂಜಿನ್ ಮೇಲೆ ಅಥವಾ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಮೊದಲ ದಿನವೇ ಆ ಬದಿಗೆ ಬಣ್ಣದ ಟೇಪ್ ಅಂಟಿಸಿ. ಗೇರ್ ಇರುವ ಕೆಳಭಾಗ ಯಾವತ್ತೂ ಎಂಜಿನ್ ತಲೆಗಿಂತ ಎತ್ತರಕ್ಕೆ ಹೋಗಬಾರದು. ಈ ನಿಯಮ ಎರಡಕ್ಕೂ ಒಂದೇ.

ಬಡಾವಣೆಗೆ ನೆರೆ ದೋಣಿ ಬೇಕು ಅನ್ನುವವರಿಗೆ ಇಲ್ಲೇ ಒಂದು ಮಾತು. ಮಗುಚಿ ನೀರಲ್ಲಿ ಮುಳುಗಿದ ಟೂ-ಸ್ಟ್ರೋಕ್ ಅನ್ನು ಬದುಕಿಸುವುದು ಸುಲಭ, ತೂಕವೂ ಕಡಿಮೆ, ಆದ್ದರಿಂದ ನೆರೆ ಕೆಲಸಕ್ಕೆ ಅದೇ ಒಳ್ಳೆಯದು ಅಂತ ಹೇಳುತ್ತಾರೆ. ಮಾತು ನಿಜ, ಆದರೆ ಅದು ಹೊಳೆಯ ಪ್ರವಾಹಕ್ಕೆ. ನಮ್ಮ ರಸ್ತೆಗಳಲ್ಲಿ ನಿಲ್ಲುವುದು ಮೊಣಕಾಲಿನಿಂದ ಎದೆಮಟ್ಟದ ನೀರು. ಒಳಗೆ ಡಿವೈಡರ್, ಚರಂಡಿ ಕಲ್ಲು, ಕೇಬಲ್ಲು, ನಡೆದು ಬರುವ ಜನ. ತಿರುಗುವ ಪ್ರೊಪೆಲ್ಲರ್ ಅಲ್ಲಿ ಅಪಾಯ. ಆ ದುಡ್ಡಿಗೆ ಗಟ್ಟಿ ದೋಣಿ, ಎರಡು ಜೊತೆ ಹುಟ್ಟು, ಉದ್ದನೆ ಬಿದಿರು ಗಳ, ಹಗ್ಗ, ಸಾಕಷ್ಟು ಲೈಫ್ ಜಾಕೆಟ್ ತಗೊಳ್ಳಿ. ಎಂಜಿನ್ ಬೇಡ.

ಹಂತ 5: ಪೆಟ್ರೋಲ್, ಆಯಿಲ್, ರಿಪೇರಿ

ಅತಿ ಹೆಚ್ಚು ಎಂಜಿನ್ ಕೆಡುವುದು ಇಲ್ಲಿ. ನೀರಲ್ಲಿ ಓಡಿಸುವಾಗ ಅಲ್ಲ, ಮನೆಯಲ್ಲಿ ಸುಮ್ಮನೆ ನಿಂತಾಗ.

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ ನೀರು ಹೀರುವ ಗುಣ ಇದೆ. ದೋಣಿಯ ಟ್ಯಾಂಕಿನ ಸುತ್ತ ಯಾವಾಗಲೂ ತೇವ. ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಪದರವಾಗಿ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದೇ ತಳದ್ದನ್ನು. ಟೂ-ಸ್ಟ್ರೋಕ್‌ಗೆ ಇದು ಇನ್ನೂ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್ ಜೊತೆ ಉಳಿದು, ತಳದ ಪದರ ಆಯಿಲ್ ಇಲ್ಲದೆ ಒಳಗೆ ಹೋದರೆ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಎಷ್ಟೋ ಔಟ್‌ಬೋರ್ಡ್‌ಗಳ ಕೈಪಿಡಿಯಲ್ಲಿ ಶೇಕಡಾ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪಿಗೆ ಇದೆ. ಆದ್ದರಿಂದ ಕೊಳ್ಳುವ ಮುಂಚೆ ಡೀಲರ್ ಹತ್ತಿರ ಇ20 ಬಗ್ಗೆ ಬರವಣಿಗೆಯಲ್ಲಿ ಕೇಳಿ. "ಏನೂ ಆಗಲ್ಲ ಸರ್" ಅನ್ನುವ ಬಾಯಿ ಮಾತು ವಾರಂಟಿ ಸಮಯದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಂಜಿನ್ ಯಾವುದೇ ಇರಲಿ, ಈ ಮೂರು ಅಭ್ಯಾಸ ಮಾಡಿಕೊಳ್ಳಿ. ಅವತ್ತಿಗೆ ಬೇಕಾದಷ್ಟೇ ಹೊಸ ಪೆಟ್ರೋಲ್ ಹಾಕಿಸಿ. ಟ್ಯಾಂಕ್ ಮತ್ತು ಎಂಜಿನ್ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿ. ಕಾರ್ಬ್ಯುರೇಟರ್ ಇದ್ದರೆ, ದಿನದ ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಒಣಗಿ ಎಂಜಿನ್ ತಾನಾಗೇ ನಿಲ್ಲುವವರೆಗೆ ನೀರಿನಲ್ಲಿಟ್ಟೇ ಓಡಿಸಿ. ಉಳಿದ ಪೆಟ್ರೋಲ್ ವಿಷಯದಲ್ಲಿ ಫೋರ್-ಸ್ಟ್ರೋಕ್‌ಗೆ ಒಂದು ಸಣ್ಣ ಅನುಕೂಲ ಇದೆ. ಅದನ್ನು ಮನೆಗೆ ತಂದು ಸ್ಕೂಟರಿಗೋ ಕಾರಿಗೋ ಸುರಿಯಬಹುದು. ಆಯಿಲ್ ಬೆರೆತದ್ದನ್ನು ಹಾಗೆ ಮಾಡಲು ಆಗುವುದಿಲ್ಲ. ಅದು ಟ್ಯಾಂಕಿನಲ್ಲೇ ತಿಂಗಳುಗಟ್ಟಲೆ ಕೂತು ಹಾಳಾಗುತ್ತದೆ. ಹಾಗೆಯೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪೆಟ್ರೋಲ್ ತುಂಬಿದ ಟ್ಯಾಂಕ್ ಇಡಬೇಡಿ.

ಆಯಿಲ್ ವಿಷಯದಲ್ಲಿ ಪದೇ ಪದೇ ಕಾಣುವ ತಪ್ಪು: ಬಂಕಿನಲ್ಲಿ ಸ್ಕೂಟರ್, ಆಟೊಗೆ ಹಾಕುತ್ತಿದ್ದ ಟೂ-ಟಿ ಆಯಿಲ್ ಅನ್ನೇ ದೋಣಿಯ ಟೂ-ಸ್ಟ್ರೋಕ್‌ಗೆ ಹಾಕುವುದು. ಎರಡೂ ಒಂದೇ ಅಲ್ಲ. ಸ್ಕೂಟರ್ ಎಂಜಿನ್ ಗಾಳಿಯಿಂದ ತಣಿಯುತ್ತದೆ, ಬಿಸಿ ಜಾಸ್ತಿ. ಔಟ್‌ಬೋರ್ಡ್ ನೀರಿನಿಂದ ತಣಿಯುತ್ತದೆ, ಬಿಸಿ ಕಡಿಮೆ. ಸ್ಕೂಟರ್ ಆಯಿಲ್ ಬೂದಿ ಬಿಡುತ್ತದೆ, ಅದು ಪ್ಲಗ್ ಮತ್ತು ರಿಂಗ್‌ಗೆ ಅಂಟಿಕೊಳ್ಳುತ್ತದೆ. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು. ಬೂದಿ ಬಿಡದ, ದೋಣಿ ಎಂಜಿನ್‌ಗೆಂದೇ ಇರುವ ಆಯಿಲ್ ಗುಣಮಟ್ಟದ ಗುರುತು ಅದು. ಬೆರೆಸುವ ಪ್ರಮಾಣ ಈಗಿನ ಬಹಳಷ್ಟು ಎಂಜಿನ್‌ಗಳಲ್ಲಿ 50ಕ್ಕೆ 1, ಅಂದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿ. ಹಳೆಯವಕ್ಕೆ ಇನ್ನೂ ಜಾಸ್ತಿ ಬೇಕು, ಕೈಪಿಡಿ ನೋಡಿ. ಅಳತೆ ಲೋಟದಲ್ಲಿ ಅಳೆಯಿರಿ. ಕಡಿಮೆ ಆದರೆ ಪಿಸ್ಟನ್ ಹೋಗುತ್ತದೆ, ಜಾಸ್ತಿ ಆದರೆ ಪ್ಲಗ್ ಮಸಿ ಹಿಡಿಯುತ್ತದೆ.

ಫೋರ್-ಸ್ಟ್ರೋಕ್‌ಗೆ ಎಫ್‌ಸಿ-ಡಬ್ಲ್ಯೂ ಗುರುತಿನ ಆಯಿಲ್. 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ. ಇದನ್ನು ಮನೆಯಲ್ಲೇ ಮಾಡಬಹುದು, ಬೈಕಿನ ಆಯಿಲ್ ಬದಲಿಸುವಷ್ಟೇ ಕೆಲಸ. ಆದರೆ ವಾಲ್ವ್ ಅಂತರ ನೋಡುವುದು, ಇಎಫ್‌ಐ ತಪಾಸಣೆ ಇವಕ್ಕೆ ತಿಳಿದವರು ಬೇಕು. ಇಎಫ್‌ಐ ಅಂದರೆ ಕಾರ್ಬ್ಯುರೇಟರ್ ಬದಲು, ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕಿ ಚಿಮ್ಮಿಸುವ ವ್ಯವಸ್ಥೆ. ಫೋರ್-ಸ್ಟ್ರೋಕ್ ತಗೊಳ್ಳುವುದಾದರೆ, ಕೈಗೆಟುಕಿದರೆ, ಇಎಫ್‌ಐ ಇರುವುದನ್ನೇ ತಗೊಳ್ಳಿ. ತಿಂಗಳುಗಟ್ಟಲೆ ನಿಂತ ಎಂಜಿನ್‌ನಲ್ಲಿ ಮೊದಲು ಕಟ್ಟಿಕೊಳ್ಳುವುದು ಕಾರ್ಬ್ಯುರೇಟರ್. ಭಾನುವಾರ ಮಾತ್ರ ಓಡಿಸುವವರ ಎಂಜಿನ್ ಜಾಸ್ತಿ ನಿಂತೇ ಇರುತ್ತದೆ, ಅಲ್ವಾ?

ರಿಪೇರಿ ಎಲ್ಲಿ? ಪ್ಲಗ್, ಪೆಟ್ರೋಲ್ ಪೈಪ್, ಕ್ಲಾಂಪ್, ಬ್ಯಾಟರಿಯಂಥವು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಇಂಪೆಲ್ಲರ್ (ತಣಿಸುವ ನೀರು ಎತ್ತುವ ಚಕ್ರ), ಗೇರ್, ಸೀಲ್‌ಗಳು ಕಂಪನಿ ಡೀಲರ್ ಮೂಲಕವೇ ಬರಬೇಕು. ಯಮಹಾ, ಸುಜುಕಿ, ಮರ್ಕ್ಯುರಿ, ತೊಹಾತ್ಸು, ಹೊಂಡಾ ಎಲ್ಲವೂ ಒಳ್ಳೆಯ ಎಂಜಿನ್‌ಗಳೇ. ಹೆಸರು ನೋಡಿ ಆರಿಸಬೇಡಿ. ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಅಂತ ಕೇಳಿ, ಆಮೇಲೆ ಆರಿಸಿ. ಕರಾವಳಿಯಲ್ಲಿ ಓಡಿಸುವವರಿಗೆ ಲೆಕ್ಕ ಬೇರೆ. ನಾಡದೋಣಿಗಳ ಊರಿನಲ್ಲಿ ಟೂ-ಸ್ಟ್ರೋಕ್ ಬಿಚ್ಚಿ ಜೋಡಿಸುವವರು ಸುಲಭಕ್ಕೆ ಸಿಗುತ್ತಾರೆ. ನಿಮ್ಮ ದೋಣಿ ವರ್ಷಪೂರ್ತಿ ಅಲ್ಲೇ ಇರುವುದಾದರೆ ಅದು ಸಣ್ಣ ಅನುಕೂಲವಲ್ಲ.

ಇನ್ನೊಂದು ಬಗೆ ಇದೆ, ನೇರ ಇಂಜೆಕ್ಷನ್ ಟೂ-ಸ್ಟ್ರೋಕ್. ಹೊಗೆ ಕಿಂಡಿ ಮುಚ್ಚಿದ ಮೇಲೆ ಪೆಟ್ರೋಲ್ ಚಿಮ್ಮಿಸುವುದರಿಂದ ಪೋಲು ತುಂಬ ಕಡಿಮೆ. ಎವಿನ್‌ರೂಡ್ ಇ-ಟೆಕ್ ಇದರಲ್ಲಿ ಹೆಸರಾಗಿತ್ತು. ಓಲೆ ಎವಿನ್‌ರೂಡ್ 1909ರಲ್ಲಿ ಶುರು ಮಾಡಿದ ಆ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತಿತು. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಕ್ಕಿದರೂ ಬೆಂಗಳೂರಿನಲ್ಲಿ ಕೂತು ಅದಕ್ಕೆ ಬಿಡಿಭಾಗ ಹೊಂದಿಸುವುದು ಕಷ್ಟ. ಬಿಟ್ಟುಬಿಡಿ.

ಹಂತ 6: ಎತ್ತರದ ಲೆಕ್ಕ

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಂಜಿನ್ ಮೇಲೆ ಬರೆದ ಎಚ್‌ಪಿ ಸಮುದ್ರ ಮಟ್ಟದ ಲೆಕ್ಕ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಪತ್ರಿಕೆಯಲ್ಲಿ ದಿನಾ ಬರುವ ಜಲಾಶಯ ಮಟ್ಟದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಬಿನಿಯ 2284 ಅಡಿ, ಲಿಂಗನಮಕ್ಕಿಯ 1819 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು. ಕೆಆರ್‌ಎಸ್‌ನ 124.80 ಅಡಿ ಹಾಗಲ್ಲ, ಅದು ಅಣೆಕಟ್ಟಿನಲ್ಲೇ ಅಳೆಯುವ ನೀರಿನ ಮಟ್ಟ. ಆ ಸಂಖ್ಯೆ ಹಿಡಿದು ಲೆಕ್ಕ ಹಾಕಬೇಡಿ.

ಕಬಿನಿ ಮಟ್ಟದಲ್ಲಿ ಶೇಕಡಾ 7ರಷ್ಟು ಶಕ್ತಿ ಹೋಗುತ್ತದೆ. 15 ಎಚ್‌ಪಿ 14 ಆಯಿತು. ನಾಲ್ಕು ಜನ ಕೂತಾಗ ದೋಣಿ ಮೂತಿ ಎತ್ತಿಕೊಂಡು ನೀರು ಉಳುತ್ತಾ ಹೋದರೆ, ದೊಡ್ಡ ಎಂಜಿನ್ ಬೇಕೆಂದು ಓಡಬೇಡಿ. ಪಿಚ್ ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ ನೋಡಿ. ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ. ಬೈಕನ್ನು ಏರಿನಲ್ಲಿ ಒಂದು ಗೇರ್ ಕೆಳಗಿಳಿಸಿದ ಹಾಗೆ ಇದು.

ಶಕ್ತಿ ಕಡಿಮೆಯಾಗುವುದು ಎರಡೂ ಬಗೆಗೆ ಒಂದೇ. ಆದರೆ ಕಾರ್ಬ್ಯುರೇಟರ್ ಇದ್ದರೆ ತೆಳು ಗಾಳಿಗೂ ಹಳೆ ಅಳತೆಯ ಪೆಟ್ರೋಲನ್ನೇ ಬಿಡುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಅದರ ಫಲ ಇನ್ನಷ್ಟು ಹೊಗೆ, ಇನ್ನಷ್ಟು ಮಸಿ. ಇಎಫ್‌ಐ ತಾನೇ ಹೊಂದಿಸಿಕೊಳ್ಳುತ್ತದೆ.

ಹಂತ 7: ಹಳೆ ಎಂಜಿನ್ ಕೊಳ್ಳುವುದಾದರೆ

ಕರಾವಳಿಯಿಂದ ಬರುವ ಸೆಕೆಂಡ್ ಹ್ಯಾಂಡ್ ಟೂ-ಸ್ಟ್ರೋಕ್ ಕಡಿಮೆ ಬೆಲೆಗೆ ಸಿಗುತ್ತದೆ. ಮೊದಲು ಕೇಳಬೇಕಾದ್ದು: ಇದು ಪೆಟ್ರೋಲ್ ಎಂಜಿನ್ನಾ, ಸೀಮೆಎಣ್ಣೆ ಎಂಜಿನ್ನಾ? ನಾಡದೋಣಿ ಮೀನುಗಾರರು ಬಳಸುವ ಸೀಮೆಎಣ್ಣೆ ಮಾದರಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತದೆ. ಅದರ ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಶನ್, ಕಡಿಮೆ ಇಟ್ಟಿರುತ್ತಾರೆ. ಬರೀ ಪೆಟ್ರೋಲಿನಲ್ಲಿ ಓಡಿಸಿದರೂ ಅದೇ ಗಾತ್ರದ ಪೆಟ್ರೋಲ್ ಎಂಜಿನ್‌ನಷ್ಟು ಶಕ್ತಿ ಕೊಡುವುದಿಲ್ಲ, ಪೆಟ್ರೋಲ್ ಮಾತ್ರ ಬೇಕಾದಷ್ಟು ಕುಡಿಯುತ್ತದೆ. ನಾನೇ ಒಮ್ಮೆ ಹೀಗೆ ಕೇಳದೆ ತಂದು, ಎರಡು ತಿಂಗಳು ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿ ಸಾಕಾಗಿ ಹೋಗಿತ್ತು. ಮಾದರಿ ಸಂಖ್ಯೆಯ ಫಲಕ ಓದಿ, ಅದು ಯಾವ ಇಂಧನದ್ದು ಅಂತ ಡೀಲರ್ ಹತ್ತಿರ ಖಚಿತ ಮಾಡಿಕೊಳ್ಳಿ. ಫಲಕ ಕಿತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ನೋಡಲು ಹೋದಾಗ ಮೊದಲು ಎಂಜಿನ್ ಮುಟ್ಟಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ಯಾರೋ ನೀವು ಬರುವ ಮುಂಚೆ ಓಡಿಸಿ ಇಟ್ಟಿದ್ದಾರೆ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ನೀರಿಲ್ಲದೆ ಸ್ಟಾರ್ಟ್ ಮಾಡಲು ಬಿಡಬೇಡಿ. ಇಂಪೆಲ್ಲರ್ ಅಂದರೆ ತಣಿಸುವ ನೀರನ್ನು ಮೇಲೆತ್ತುವ ರಬ್ಬರ್ ಚಕ್ರ. ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹೋಗುತ್ತದೆ. 200 ಲೀಟರಿನ ನೀಲಿ ಡ್ರಮ್‌ನಲ್ಲಿ ನೀರು ತುಂಬಿಸಿ, ಎಂಜಿನ್ ಕಾಲು ಅದರಲ್ಲಿ ಮುಳುಗಿಸಿ, ನ್ಯೂಟ್ರಲ್‌ನಲ್ಲೇ ಓಡಿಸಿ. ಬಯಲಿನಲ್ಲಿ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಜೀವಕ್ಕೆ ಅಪಾಯ. ಎಂಜಿನ್‌ನ ಹಿಂಬದಿಯಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ.

ಆಮೇಲೆ ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ತೆಗೆಯಿರಿ. ಹಾಲು ಬೆರೆತ ಕಾಫಿಯ ಬಣ್ಣ ಇದ್ದರೆ ಸೀಲ್ ಹೋಗಿ ಒಳಗೆ ನೀರು ನುಗ್ಗಿದೆ. ಕೊನೆಗೆ ಮೆಕ್ಯಾನಿಕ್ ಕೈಯಲ್ಲಿ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೇಡ. ಫೋರ್-ಸ್ಟ್ರೋಕ್ ಆದರೆ ಆಯಿಲ್ ಕಡ್ಡಿ ಎಳೆದು ಅಲ್ಲೂ ಹಾಲಿನ ಬಣ್ಣ ಇದೆಯಾ ನೋಡಿ.

ಹಂತ 8: ತಂದ ಮೇಲೆ ಮೊದಲ ದಿನಗಳು

ಹೊಸ ಎಂಜಿನ್‌ನ ಮೊದಲ 10 ಗಂಟೆ ಪೂರ್ತಿ ವೇಗ ಬೇಡ. ಒಂದೇ ವೇಗದಲ್ಲಿ ಎಳೆಯುವುದೂ ಬೇಡ, ಏರಿಸಿ ಇಳಿಸುತ್ತಾ ಓಡಿಸಿ. ಟೂ-ಸ್ಟ್ರೋಕ್‌ಗೆ ಈ 10 ಗಂಟೆ ಎರಡು ಪಟ್ಟು ಆಯಿಲ್, ಅಂದರೆ 25ಕ್ಕೆ 1 ಹಾಕಲು ಹಲವು ಕಂಪನಿಗಳು ಹೇಳುತ್ತವೆ. ಕಿಲ್ ಕಾರ್ಡ್ ಅನ್ನುವ ಕೆಂಪು ಸುರುಳಿ ದಾರವನ್ನು ಪ್ರತಿ ಸಲ ಮಣಿಕಟ್ಟಿಗೆ ಅಥವಾ ಲೈಫ್ ಜಾಕೆಟ್‌ಗೆ ಸಿಕ್ಕಿಸಿ. ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ.

ಕಡಲಲ್ಲಿ ಓಡಿಸಿದ ದಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪು ತೊಳೆಯಿರಿ. ಮನೆಯಲ್ಲಿ ಎಂಜಿನ್ ಅನ್ನು ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ. ಓಡಿಸಿದ ಗಂಟೆ, ಹಾಕಿದ ಪೆಟ್ರೋಲ್, ಬದಲಿಸಿದ ಆಯಿಲ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ.

ಫೋರ್-ಸ್ಟ್ರೋಕ್‌ನಲ್ಲಿ ಮೊದಲ 20 ಗಂಟೆ ಮುಗಿದಾಗ ಎಂಜಿನ್ ಆಯಿಲ್ ಬದಲಿಸಬೇಕು. ಗೇರ್ ಆಯಿಲ್ ಎರಡೂ ಬಗೆಗೆ ಇದೆ, ಅದನ್ನೂ ಅವತ್ತೇ ಬದಲಿಸಿಬಿಡಿ. ಹೊಸದನ್ನು ಕೆಳಗಿನ ತೂತಿನಿಂದ ಒತ್ತಿ ಹಾಕಬೇಕು, ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿದು ಗೇರ್ ಅರ್ಧ ಒಣಗಿಯೇ ತಿರುಗುತ್ತದೆ. ಮುಚ್ಚುವಾಗ ಮೊದಲು ಮೇಲಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್ ಹಾಕಿ.